ಕಾಯುವ ಕೈ

ಎಂಟು ವರ್ಷಗಳ ಹಿಂದೆ ಬೆಟಗೇರಿಯ ಗುರುಬಸವ್ವ ತನ್ನ ಎರಡೂ ಕೈಗಳನ್ನು ಹನ್ನೊಂದು ದಿನಗಳ ಮಟ್ಟಿಗೆ ವಿಜ್ಞಾನಕ್ಕೆ ಕಡ ಕೊಟ್ಟಿದ್ದಳು. ಆಗ ಅವಳಿಗೆ ಅರವತ್ತಮೂರು. ನಲವತ್ತು ವರ್ಷಗಳಿಂದ ನೇಕಾರರ ಓಣಿಗಳಲ್ಲಿ ಎಳೆಗೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುತ್ತ ಬಂದವಳು. ದಿನ ತುಂಬದೆ ಹುಟ್ಟಿದ ಕೂಸುಗಳು ಅವಳ ಕೈಯಲ್ಲಿ ಬದುಕುತ್ತವೆ ಎಂಬ ಮಾತು ಗದಗಿನ ತುಂಬ ಇತ್ತು.

ಅದು ಬೇಸಿಗೆ ಐದು ತಿಂಗಳಿಗೆ ಬೆಳೆದಿದ್ದ ಕಾಲ. ಬಿಸಿಲು ಏರಿದಂತೆಲ್ಲ ಬಸುರಿಯರಿಗೆ ಅವಧಿಗೆ ಮುನ್ನವೇ ನೋವು ಕಾಣಿಸಿಕೊಳ್ಳುತ್ತಿತ್ತು. ಕಿಲೋ ತೂಕವೂ ಇಲ್ಲದ ಮಕ್ಕಳು ಸಾಲುಸಾಲಾಗಿ ಗಾಜಿನ ಪೆಟ್ಟಿಗೆಗಳಿಗೆ ಬರುತ್ತಿದ್ದವು. ಅಂಥ ಮಕ್ಕಳಿಗೆ ಔಷಧ, ಹಾಲು, ಶಾಖದ ಜೊತೆಗೆ ಇನ್ನೊಂದೂ ಬೇಕು ಎಂಬುದು ವೈದ್ಯರಿಗೆ ಗೊತ್ತಿತ್ತು. ದಿನಕ್ಕೆ ಮೂರು ಸಲ ಹದವಾಗಿ ಮೈ ನೀವಿದರೆ ಮಿದುಳಿನಿಂದ ಹೊಟ್ಟೆಗಿಳಿಯುವ ದೊಡ್ಡ ನರ ಎಚ್ಚರಗೊಳ್ಳುತ್ತದೆ, ಕುಡಿದ ಹಾಲು ಮೈಗೆ ಹತ್ತುತ್ತದೆ, ಕೂಸು ಬೇಗ ತೂಗುತ್ತದೆ. ಗರಿಯಂತೆ ತೀರ ಹಗುರಾಗಿ ಸವರಿದರೋ, ಅದು ಕಚಗುಳಿಯಾಗಿ ಬೆದರುತ್ತದೆ. ಎಲ್ಲ ಸರಿ, ಆದರೆ ಹದಿನಾಲ್ಕು ಪೆಟ್ಟಿಗೆಗೆ ಒಬ್ಬಳೇ ನರ್ಸ್ ಇರುವಾಗ ನೀವುವವರು ಯಾರು?

ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಮೃಣಾಲಿನಿ ಹುಯಿಲಗೋಳ ಎಂಬ ಎಂಜಿನಿಯರಿಗೆ ಆಗ ಒಂದು ಪ್ರಶ್ನೆ ಹೊಳೆಯಿತು. ಹಾಡನ್ನು ಮುದ್ರಿಸಿಕೊಂಡಂತೆ ಒಂದು ಕೈಯ ಸ್ಪರ್ಶವನ್ನೂ ಮುದ್ರಿಸಿಕೊಂಡು, ಬೇಕಾದ ಕಡೆ ಮತ್ತೆ ನುಡಿಸಲು ಬಂದರೆ?

ಬಂತು. ಗುರುಬಸವ್ವನ ಕೈಗಳಿಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಗವಸು ತೊಡಿಸಿದರು. ಅದರೊಳಗಿನ ಸಾವಿರಾರು ಎಳೆಗಳು ಅವಳ ಬೆರಳು ಎಲ್ಲಿ ಎಷ್ಟು ಒತ್ತಿತು, ಎಷ್ಟು ಬಿಸಿಯಿತ್ತು, ಯಾವ ವೇಗದಲ್ಲಿ ಸರಿಯಿತು ಎಂಬುದನ್ನೆಲ್ಲ ಬರೆದುಕೊಂಡವು. ಅವಳು ಹನ್ನೊಂದು ದಿನಗಳಲ್ಲಿ ನಲವತ್ತು ಕೂಸುಗಳನ್ನು ನೀವಿದಳು. ಆಮೇಲೆ ಮೃಣಾಲಿನಿ ಒಂದು ಪೊರೆ ಕಟ್ಟಿದಳು. ಗಾಜಿನ ಪೆಟ್ಟಿಗೆಯೊಳಗೆ ಕೂಸಿಗೆ ಹೊದಿಸುವ, ಅಸಂಖ್ಯ ಪುಟ್ಟ ಗಾಳಿಗುಳ್ಳೆಗಳ ಮೆತ್ತನೆಯ ಪೊರೆ. ಗುಳ್ಳೆಗಳು ಒಂದರ ಹಿಂದೊಂದು ಉಬ್ಬಿ ಇಳಿದರೆ, ಕೂಸಿನ ಬೆನ್ನಿನ ಮೇಲೆ ಗುರುಬಸವ್ವನ ಹೆಬ್ಬೆರಳು ಸರಿದಂತೆಯೇ ಆಗುತ್ತಿತ್ತು. ಎಂಟು ವರ್ಷಗಳಲ್ಲಿ ಅದು ಅರವತ್ತೆರಡು ಆಸ್ಪತ್ರೆಗಳಿಗೆ ಹೋಯಿತು. ಅಜ್ಜಿಯ ಕೈ ಅದರೊಳಗಿದೆ ಎಂದು ಜನ ಅದನ್ನು ಆಯಿ ಪೆಟ್ಟಿಗೆ ಎಂದು ಕರೆದರು.

ಈ ವರ್ಷದ ಬೇಸಿಗೆಯಲ್ಲಿ ಗದಗಿನ ಒಂದು ಆಸ್ಪತ್ರೆಯಿಂದ ಮೃಣಾಲಿನಿಗೆ ಫೋನ್ ಬಂತು. ಮಾತನಾಡಿದವಳು ಅಲ್ಲಿನ ಎಳೆಮಕ್ಕಳ ವಾರ್ಡಿನ ಸಿಸ್ಟರ್ ಸುಲೋಚನಾ ಗೋಕಾವಿ.

"ಮೇಡಂ, ನಿಮ್ಮ ಪೆಟ್ಟಿಗಿ ಒಂದು ಕೂಸಿಗೆ ಒಗ್ಗವಲ್ದು. ಪೊರಿ ಮೈ ಮುಟ್ಟಿದ ಕೂಡಲೆ ಎದಿಬಡಿತ ಇಳಿತದ. ನೂರಾ ಐವತ್ತು ಇದ್ದದ್ದು ಎಂಬತ್ತಕ್ಕ ಬರ್ತದ. ಡಾಕ್ಟರು ನೀವೋದ ಬ್ಯಾಡ ಅಂದಾರ. ಬಂದ್ ಮಾಡಿದ್ರ ತೂಕ ಏರವಲ್ದು. ಐದು ದಿನದಿಂದ ಸಾವಿರದ ತೊಂಬತ್ತು ಗ್ರಾಂನಾಗ ನಿಂತದ."

"ಪೆಟ್ಟಿಗೆ ಕೆಟ್ಟಿರಬೇಕು ಸಿಸ್ಟರ್. ಬೇರೆ ಪೆಟ್ಟಿಗೆಗೆ ಹಾಕಿ ನೋಡಿದ್ರೇನು?"

"ಮೂರು ಬದಲಿ ಮಾಡೀನಿ. ಎಲ್ಲಾದ್ರಾಗೂ ಅದ ಕತಿ."

ಮರುದಿನ ಬೆಳಿಗ್ಗೆ ಮೃಣಾಲಿನಿ ಗದಗಿಗೆ ಬಂದಳು. ಕೂಸು ಒಂಬತ್ತನೆಯ ಪೆಟ್ಟಿಗೆಯಲ್ಲಿತ್ತು. ಹೆಣ್ಣುಕೂಸು. ಇಪ್ಪತ್ತೊಂಬತ್ತು ವಾರಕ್ಕೆ ಹುಟ್ಟಿ ಹದಿನಾರು ದಿನವಾಗಿತ್ತು. ತಾಯಿ ಶಮಶಾದಳಿಗೆ ಬಸುರಿನಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬಂದಿತ್ತು. ಹೆರಿಗೆಯಾದ ಕೂಡಲೆ ಅವಳನ್ನು ಹುಬ್ಬಳ್ಳಿಗೆ ಒಯ್ದಿದ್ದರು. ಮೂತ್ರಪಿಂಡ ಸೋತು ಅವಳಿನ್ನೂ ಅಲ್ಲಿನ ತೀವ್ರ ನಿಗಾ ಘಟಕದಲ್ಲೇ ಇದ್ದಳು. ಕೂಸಿನ ಬಳಿ ಇದ್ದವನು ಅಪ್ಪ ದಾವಲಸಾಬ ನದಾಫ ಒಬ್ಬನೇ. ಪುಸ್ತಕಗಳಿಗೆ ಬೈಂಡಿಂಗ್ ಮಾಡುವವನು. ಅವನ ಬೆರಳುಗಳು ಅಂಟು ಹತ್ತಿ ಗಟ್ಟಿಯಾಗಿದ್ದವು. ಎಡಗೈ ಹೆಬ್ಬೆರಳಿನ ತುದಿಯನ್ನು ಕಟಿಂಗ್ ಮೆಷಿನ್ ಯಾವಾಗಲೋ ತೆಗೆದುಕೊಂಡಿತ್ತು. ಅವನು ಗಾಜಿನಿಂದ ಎರಡು ಹೆಜ್ಜೆ ಹಿಂದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

"ನೀವರ ಏನರ ಮಾಡ್ರಿ ಮೇಡಮ್ಮಾರ," ಎಂದ. "ಆಕಿ ಹುಬ್ಬಳ್ಳಿಯಿಂದ ಬಂದು ಕೂಸು ಎಲ್ಲಿ ಅಂತ ಕೇಳಿದ್ರ ನಾ ಏನ ಹೇಳ್ಲಿ?"

ಮೃಣಾಲಿನಿ ಯಂತ್ರವನ್ನು ಬಿಚ್ಚಿ ನೋಡಿದಳು. ಗಾಳಿಯ ಒತ್ತಡ ಸರಿಯಿತ್ತು. ಶಾಖ ಸರಿಯಿತ್ತು. ಪೊರೆಯಲ್ಲಿ ಒಂದು ಗುಳ್ಳೆಯೂ ಒಡೆದಿರಲಿಲ್ಲ. ಮಧ್ಯಾಹ್ನದವರೆಗೆ ತಡಕಾಡಿ, ತಪ್ಪು ಕಾಣದೆ, ಕೊನೆಗೆ ಬೆಟಗೇರಿಯ ಹಾದಿ ಹಿಡಿದಳು.

ಗುರುಬಸವ್ವ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಸೊಸೆ ಅವಳಿಗೆ ಅರ್ಧ ಲೋಟ ಚಹಾ ತಂದುಕೊಟ್ಟಳು. ಮುದುಕಿ ಎರಡೂ ಕೈಯಲ್ಲಿ ಲೋಟ ಹಿಡಿದಾಗ ಮೃಣಾಲಿನಿಗೆ ಅರ್ಧವೇ ಏಕೆ ಎಂಬುದು ತಿಳಿಯಿತು. ಆ ಕೈಗಳು ನಡುಗುತ್ತಿದ್ದವು. ಬೇಕೆಂದರೂ ನಿಲ್ಲದ ನಡುಕ.

"ನನ್ನ ಕೈಗೆ ಚೀಲ ತೊಡಿಸಿದಾಕಿ ಅಲ್ಲೇನ ನೀ?" ಎಂದಳು ಗುರುಬಸವ್ವ. "ಬಾ, ಕುಂದರು. ಯಾಕವ್ವಾ, ಮಾರಿ ಬಾಡೇತಲ್ಲ?"

"ಇದು ಯಾವಾಗಿಂದ ಆಯಿ?"

"ಮೂರ ವರ್ಷ ಆತು. ಈಗ ಕೂಸುಗೋಳನ್ನ ಯಾರೂ ಕೊಡಂಗಿಲ್ಲ. ಕೊಡಬಾರದ ಮತ್ತ. ಇರ್ಲಿ, ನನ್ನ ಛಲೋ ಕೈ ನಿಮ್ಮ ಪೆಟ್ಟಿಗ್ಯಾಗ ಅದಾವಲ್ಲ, ಅದ ಸಮಾಧಾನ."

ಮೃಣಾಲಿನಿ ಒಂಬತ್ತನೆಯ ಪೆಟ್ಟಿಗೆಯ ಕೂಸಿನ ವಿಷಯ ಹೇಳಿದಳು. ಮುದುಕಿ ಚಹಾ ಮುಗಿಯುವವರೆಗೂ ಕಾಯದೆ ಎದ್ದು ಚಪ್ಪಲಿ ಹುಡುಕಿದಳು.

ಆಸ್ಪತ್ರೆಯಲ್ಲಿ ಒಂದು ಖಾಲಿ ಪೆಟ್ಟಿಗೆ ಇತ್ತು. "ಇದರಾಗ ನನ್ನ ಕೈ ಇಡ್ತೀನಿ, ಚಾಲೂ ಮಾಡು," ಎಂದಳು ಗುರುಬಸವ್ವ. ತೋಳು ಒಳಗಿಟ್ಟು ಕಣ್ಣು ಮುಚ್ಚಿದಳು. ಪೊರೆ ಅವಳ ಮುಂಗೈಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ನೀವತೊಡಗಿತು. ತನ್ನ ಹಳೆಯ ಕೈ ತನ್ನನ್ನೇ ಮುಟ್ಟುತ್ತಿರುವುದು ತಿಳಿದು ಅವಳ ಮುಖ ಒಂದು ಕ್ಷಣ ಅರಳಿತು.

"ಹದ ನಂದ ಐತಿ. ಬಿಸಿನೂ ನಂದ ಐತಿ," ಎಂದಳು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು. "ಆದ್ರ ಈಕಿ ಯಾರವ್ವಾ? ಒಂದ ಸವನ ತಿಕ್ಕಾಕತ್ತಾಳ. ಉಸರು ಬಿಡಾಕೂ ಕೊಡವಲ್ಲಳು. ಇದು ನನ್ನ ಕೈ ಅಲ್ಲ."

ಮೃಣಾಲಿನಿಯ ಕಿವಿ ಬಿಸಿಯಾಯಿತು. ಹೋದ ವರ್ಷ ಅವಳೇ ಒಂದು ಬದಲಾವಣೆ ಮಾಡಿದ್ದಳು. ಗುಳ್ಳೆಗಳಿಗೆ ಗಾಳಿ ತುಂಬುವ ಒಂದು ಯಂತ್ರಕ್ಕೆ ಇಷ್ಟೇ ಪೆಟ್ಟಿಗೆ ಎಂಬ ಮಿತಿ ಇತ್ತು. ಬೇಸಿಗೆಯಲ್ಲಿ ಮಕ್ಕಳು ಹೆಚ್ಚಾಗಿ ಸರದಿ ಕಾಯುವಂತಾಗಿತ್ತು. ಹದಿನೈದು ನಿಮಿಷದ ನೀವುವಿಕೆಯನ್ನು ಒಂಬತ್ತಕ್ಕೆ ಇಳಿಸಿದರೆ ಇನ್ನಷ್ಟು ಮಕ್ಕಳಿಗೆ ಸಿಗುತ್ತದಲ್ಲ ಎಂದು, ಗುರುಬಸವ್ವ ಕೈ ಆಡಿಸದೆ ಸುಮ್ಮನಿದ್ದ ಹೊತ್ತನ್ನೆಲ್ಲ ಕತ್ತರಿಸಿ ತೆಗೆದಿದ್ದಳು.

"ನಡುನಡುವ ನೀವು ಕೈ ನಿಲ್ಲಿಸ್ತಿದ್ರಲ್ಲ ಆಯಿ... ದಣಿವಾಗಿ ನಿಲ್ಲಿಸಿರಬೇಕು ಅಂದುಕೊಂಡು ನಾನ ಅದನ್ನ ತಗದೀನಿ."

"ದಣಿವು?" ಗುರುಬಸವ್ವ ಕಣ್ಣು ತೆರೆದಳು. ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ಅಂಗೈಯಗಲದ ಕೂಸಿನ ಮ್ಯಾಲ ಏನ ದಣಿವವ್ವಾ? ಅದು ಕೇಳಾಕ ನಿಂತಿದ್ದು. ಬೆನ್ನ ಮ್ಯಾಲ ಒಮ್ಮಿ ಕೈ ಎಳದ್ರ ಕೂಸಿಗೆ ಗಾಬರಿ ಆಕ್ಕೈತಿ, ಏನ ಬಂತಪಾ ಅಂತ. ಕೈ ಅಲ್ಲೇ ಇಟ್ಟು ನಿಂದರಬೇಕು. ಅದು ಉಸರು ಕೆಳಗ ಬಿಡ್ತೈತಿ. ಆವಾಗ ಎರಡನೇದು. ಒಂದು ಕೂಸು ಲಗೂನ ಬಿಡ್ತೈತಿ, ಒಂದು ತಡಾ ಮಾಡ್ತೈತಿ. ಗಡಿಬಿಡಿ ಇರೂದು ನಮಗ, ಅದಕ್ಕೇನೈತಿ?"

ಮೃಣಾಲಿನಿ ಅಂದೇ ಧಾರವಾಡಕ್ಕೆ ಹೋಗಿ ಮೂಲ ಮುದ್ರಿಕೆಯನ್ನು ತೆರೆದಳು. ಆ ನಲವತ್ತು ಕೂಸುಗಳ ಉಸಿರು, ಎದೆಬಡಿತಗಳ ದಾಖಲೆಯೂ ಕಪಾಟಿನಲ್ಲಿತ್ತು. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುವುದು ಎಂಟು ವರ್ಷಗಳಲ್ಲಿ ಯಾರಿಗೂ ತೋಚಿರಲಿಲ್ಲ. ಗುರುಬಸವ್ವ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಸಲ ನಿಂತಿದ್ದಳು. ಕೆಲವೊಮ್ಮೆ ಮೂರು ಸೆಕೆಂಡು, ಒಮ್ಮೆಯಂತೂ ಐವತ್ತು. ಯಾವ ಸಲವೂ, ಕೂಸಿನ ಉಸಿರು ಸಮಕ್ಕೆ ಬರುವ ಮೊದಲು ಅವಳ ಕೈ ಮುಂದಕ್ಕೆ ಸರಿದಿರಲಿಲ್ಲ. ಆ ಹೊತ್ತು ಖಾಲಿಯೂ ಆಗಿರಲಿಲ್ಲ. ವೀಳ್ಯದೆಲೆಯ ತೂಕದಷ್ಟು ಭಾರ ಕೂಸಿನ ಬೆನ್ನಿನ ಮೇಲೆ ಉಳಿದೇ ಇತ್ತು. ಅದನ್ನು ಯಂತ್ರದ ಗದ್ದಲವೆಂದು ಮೃಣಾಲಿನಿ ಅಳಿಸಿಹಾಕಿದ್ದಳು.

ಅವಳು ಎದ್ದು ಹೋಗಿ ಮುಖ ತೊಳೆದುಕೊಂಡಳು. ಆಮೇಲೆ ಕುಳಿತು ಅರವತ್ತೆರಡು ಆಸ್ಪತ್ರೆಗಳ ಒಂದು ವರ್ಷದ ದಾಖಲೆಗಳನ್ನು ತರಿಸಿಕೊಂಡಳು. ಒಂದೊಂದನ್ನೇ ತೆರೆದು ಓದಿದಳು. ಯಾವ ಕೂಸೂ ಇದರಿಂದ ಸತ್ತಿರಲಿಲ್ಲ. ಆದರೆ ನಲವತ್ತೊಂದು ಮಕ್ಕಳಲ್ಲಿ ಎದೆಬಡಿತ ಹೀಗೆಯೇ ಇಳಿದಿತ್ತು, ಅವು ಬೇರೆ ಮಕ್ಕಳಿಗಿಂತ ವಾರಗಟ್ಟಲೆ ತಡವಾಗಿ ಮನೆಗೆ ಹೋಗಿದ್ದವು. ಎಲ್ಲ ಕಡೆಯೂ ಬಿಸಿಲನ್ನು ದೂರಿ ಸುಮ್ಮನಾಗಿದ್ದರು.

ಪ್ರಯೋಗಾಲಯದ ಮುಖ್ಯಸ್ಥ ವಾದಿರಾಜರು ಹಾಳೆಗಳನ್ನು ತಿರುವಿ ನೋಡಿದರು. "ಸರಾಸರಿ ನೋಡ್ರಿ ಮೃಣಾಲಿನಿ. ಸರಾಸರಿ ಛಲೋನ ಅದಲ್ಲ?"

"ಸರಾಸರಿ ಕೂಸು ಅಂತ ಯಾವುದೂ ಹುಟ್ಟಂಗಿಲ್ಲ ಸರ್. ಇವತ್ತ ಎಲ್ಲಾ ಕಡೆ ಹೊಸ ಆವೃತ್ತಿ ನಿಲ್ಲಸ್ತೀನಿ. ಪತ್ರದಾಗ ತಪ್ಪು ನಂದು ಅಂತನ ಬರೀತೀನಿ."

"ಹಳೇದು ಹಾಕಿದ್ರ ಆತಲ್ಲ?"

"ಹಳೇದು ಇದಕ್ಕಿಂತ ಛಲೋ. ಆದ್ರ ಗುರುಬಸವ್ವ ಅವತ್ತು ಕಾದದ್ದು ಆ ನಲವತ್ತು ಕೂಸುಗಳ ಸಲುವಾಗಿ. ಈ ಕೂಸಿನ ಸಲುವಾಗಿ ಕಾಯೋದು ಪೆಟ್ಟಿಗಿಗೆ ಗೊತ್ತಿಲ್ಲ. ಅದನ್ನ ಕಲಿಸಬೇಕು. ನಾಕು ತಿಂಗಳರ ಬೇಕು."

ವಾದಿರಾಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಾಳೆಗಳನ್ನು ಜೋಡಿಸಿ ಅವಳ ಕಡೆ ಸರಿಸಿದರು. ಆಮೇಲೆ, "ಪತ್ರದಾಗ ನನ್ನ ಸಹೀನೂ ಇರಲಿ," ಎಂದರು.

ಹಳೆಯ ಮುದ್ರಿಕೆಯನ್ನು ಎಲ್ಲ ಕಡೆಗೂ ಕಳಿಸಿದರು. ಹೆಚ್ಚಿನ ಮಕ್ಕಳಿಗೆ ಅದು ಹಿತವಾಯಿತು. ಒಂಬತ್ತನೆಯ ಪೆಟ್ಟಿಗೆಯ ಕೂಸಿಗೆ ಅದೂ ಆಗಲಿಲ್ಲ. ಎದೆಬಡಿತ ಎಂಬತ್ತರ ಬದಲು ತೊಂಬತ್ತೈದಕ್ಕೆ ಇಳಿಯಿತು, ಅಷ್ಟೇ. ನಾಲ್ಕು ತಿಂಗಳು ಕಾಯುವ ಶಕ್ತಿ ಅದಕ್ಕಿರಲಿಲ್ಲ.

"ಮನಶ್ಯಾರ ಕೈನ ಬೇಕು ಇದಕ್ಕ," ಎಂದಳು, ಮೃಣಾಲಿನಿಯ ಜೊತೆ ಮತ್ತೆ ವಾರ್ಡಿಗೆ ಬಂದಿದ್ದ ಗುರುಬಸವ್ವ. ತನ್ನ ಕೈಗಳನ್ನು ನೋಡಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಸಿಸ್ಟರ್ ಸುಲೋಚನಾಗೆ ಹದಿನಾಲ್ಕು ಪೆಟ್ಟಿಗೆಗಳ ನಡುವೆ ನೀರು ಕುಡಿಯಲೂ ಬಿಡುವಿರಲಿಲ್ಲ. ಮುದುಕಿಯ ದೃಷ್ಟಿ ದಾವಲಸಾಬನ ಮೇಲೆ ನಿಂತಿತು.

ಅವನು ಇನ್ನೊಂದು ಹೆಜ್ಜೆ ಹಿಂದೆ ಸರಿದ. "ನಾನಾ? ಬ್ಯಾಡ್ರಿ ಆಯಿ. ಹದಿನೆಂಟು ದಿನ ಆತು, ಒಮ್ಮಿನೂ ಮುಟ್ಟಿಲ್ರಿ. ಈ ಕೈ ನೋಡ್ರಿ. ಎಂಥಾ ತೆಳ್ಳನ ಕಾಗದಕ್ಕೂ ನಾ ಹೆದರಾಂವಲ್ಲ. ಇದಕ್ಕ ಹೆದರ್ತೀನಿ. ಎಲ್ಲಿ ಹರಿದು ಹೊಕ್ಕೈತೋ ಅನಸ್ತೈತಿ."

"ಹೆದರಿಕಿ ಇದ್ದಾಂವನ ಬೇಕು ತಮ್ಮಾ. ಬಾ ಇಲ್ಲಿ."

ವೆರಾಂಡಾದ ಬೆಂಚಿನ ಮೇಲೆ ಗುರುಬಸವ್ವ ಅವನನ್ನು ಎದುರಿಗೆ ಕೂರಿಸಿಕೊಂಡಳು. ತನ್ನ ಬಲಗೈಯನ್ನು ಮುಂದೆ ಚಾಚಿದಳು. ಅದು ಒಲೆಯ ಮೇಲಿನ ಮುಚ್ಚಳದಂತೆ ಅದುರುತ್ತಿತ್ತು.

"ಇದು ಕೂಸು ಅಂತ ತಿಳಿ. ಇದರ ಮ್ಯಾಲ ಕೈ ಇಡು. ಒತ್ತಬ್ಯಾಡ, ಸವರಬ್ಯಾಡ. ಸುಮ್ಮನ ಇಡು. ನಡುಗೂದು ಕಡಿಮಿ ಆಗೂತನಕ ಏನೂ ಮಾಡಬ್ಯಾಡ."

ದಾವಲಸಾಬ ಕೈ ಇಟ್ಟ. ಮೊದಮೊದಲು ಅವನು ಆ ನಡುಕವನ್ನು ಹಿಡಿದು ನಿಲ್ಲಿಸಲು ನೋಡಿದ. ಹಿಡಿದಷ್ಟೂ ಅದು ಹೆಚ್ಚಾಯಿತು. "ಹಿಡೀಬ್ಯಾಡ ತಮ್ಮಾ. ಜೋಡಿ ಇರು ಅಷ್ಟ," ಎಂದಳು ಗುರುಬಸವ್ವ. ಎರಡನೆಯ ದಿನ ಮಧ್ಯಾಹ್ನ ಆ ಕೈ ಅವನ ಕೈಯಡಿಯಲ್ಲಿ ಒಂದು ಗಳಿಗೆ ಸುಮ್ಮನಾಯಿತು. ದಾವಲಸಾಬ ತಲೆ ಎತ್ತಿ ನೋಡಿದ. ಗುರುಬಸವ್ವನ ಕಣ್ಣಲ್ಲಿ ನೀರಿತ್ತು.

"ಮೂರ ವರ್ಷ ಆಗಿತ್ತು ಇದು ಸುಮ್ಮನಾಗಿ," ಎಂದಳು. "ಈಗ ನಡಿ ಒಳಗ."

ಡಾಕ್ಟರು ಒಪ್ಪಿದರು. ಐದೇ ನಿಮಿಷ, ಸಿಸ್ಟರ್ ಪಕ್ಕದಲ್ಲಿರಬೇಕು, ಬಡಿತ ನೂರಕ್ಕಿಂತ ಕೆಳಗಿಳಿದರೆ ಕೈ ತೆಗೆಯಬೇಕು. ದಾವಲಸಾಬ ಮೊಣಕೈವರೆಗೆ ಕೈ ತೊಳೆದ. ಬೆಚ್ಚಗೆ ಮಾಡಿದ ಎಣ್ಣೆಯನ್ನು ಅಂಗೈಗೆ ಹಚ್ಚಿಕೊಂಡ. ಪೆಟ್ಟಿಗೆಯ ದುಂಡನೆಯ ಕಿಂಡಿಗಳಲ್ಲಿ ಕೈಯಿಳಿಸಿ ಕೂಸಿನ ಬೆನ್ನಿನ ಮೇಲೆ ನಾಲ್ಕು ಬೆರಳಿಟ್ಟ. ಬೆನ್ನು ಅಷ್ಟಕ್ಕೇ ತುಂಬಿಹೋಯಿತು. ಮೆಲ್ಲಗೆ ಒಮ್ಮೆ ಕೆಳಗೆ ಎಳೆದ.

ಪರದೆಯಲ್ಲಿ ನೂರಾ ಐವತ್ತೆರಡು ಇದ್ದದ್ದು ನೂರಾ ಮೂವತ್ತಾಯಿತು. ನೂರಾ ಹದಿನಾಲ್ಕಾಯಿತು. ಅವನ ತೋಳು ಬಿಗಿಯಿತು. ಕೈ ಹೊರಗೆ ಎಳೆದುಕೊಳ್ಳಲಿದ್ದ.

"ತಗೀಬ್ಯಾಡ," ಎಂದಳು ಗುರುಬಸವ್ವ ಅವನ ಹೆಗಲ ಹಿಂದಿನಿಂದ. "ಪರದೆ ಏನ ನೋಡ್ತಿ? ಕೈಯಾಗ ನೋಡು."

ದಾವಲಸಾಬ ಕಣ್ಣು ಮುಚ್ಚಿದ. ವಾರ್ಡಿನಲ್ಲಿ ಫ್ಯಾನಿನ ಸದ್ದಷ್ಟೇ ಇತ್ತು. ಮೃಣಾಲಿನಿ ಗಡಿಯಾರ ನೋಡಿದಳು. ಹತ್ತು ಸೆಕೆಂಡು. ಇಪ್ಪತ್ತು. ನೂರಾ ಆರು. ಸಿಸ್ಟರ್ ಸುಲೋಚನಾ ಒಂದು ಕೈ ಮುಂದೆ ಚಾಚಿ ಸಿದ್ಧವಾಗಿದ್ದಳು. ಮೂವತ್ತೈದು. ನೂರಾ ಒಂಬತ್ತು. ಆಮೇಲೆ ನೂರಾ ಇಪ್ಪತ್ತು, ನೂರಾ ನಲವತ್ತು.

"ಬಿಟ್ಟಳ್ರಿ," ಎಂದ ದಾವಲಸಾಬ. ದನಿ ಒಡೆದಿತ್ತು. "ಉಸರು ಬಿಟ್ಟಳು. ನನ್ನ ಕೈಗೆ ಗೊತ್ತಾತು."

"ಈಗ ಎರಡನೇದು," ಎಂದಳು ಮುದುಕಿ.

ಐದು ನಿಮಿಷದಲ್ಲಿ ಅವನು ಎಳೆದದ್ದು ಆರೇ ಸಲ. ಅಂದು ಸಂಜೆಯೂ ಆರು. ಮೂರನೆಯ ದಿನ ತೂಕದ ತಟ್ಟೆ ಸಾವಿರದ ನೂರಾ ಎರಡು ತೋರಿಸಿತು. ಸಿಸ್ಟರ್ ಎರಡು ಸಲ ತೂಗಿ ನೋಡಿ, ಆಮೇಲೆ ಹೊರಗೆ ಬಂದು ಹೇಳಿದಳು. ದಾವಲಸಾಬ ಹುಬ್ಬಳ್ಳಿಗೆ ಫೋನ್ ಮಾಡಿ, ಶಮಶಾದಳ ಕಿವಿಗೆ ಫೋನ್ ಹಿಡಿಯಿರಿ ಎಂದು ಅಲ್ಲಿನ ನರ್ಸನ್ನು ಕೇಳಿಕೊಂಡು, ಆ ಸಂಖ್ಯೆಯನ್ನು ಮೂರು ಸಲ ಹೇಳಿದ.

ವಾರ ಕಳೆಯುವುದರೊಳಗೆ ಉಳಿದ ಪೆಟ್ಟಿಗೆಗಳ ಮನೆಯವರೂ ಬಂದು ಕೇಳತೊಡಗಿದರು. ಒಬ್ಬ ಆಟೋ ಚಾಲಕ, ಮಿಲ್ಲಿನಲ್ಲಿ ದುಡಿಯುವ ಒಬ್ಬ ಅಜ್ಜಿ, ಹೈಸ್ಕೂಲಿನ ಗಣಿತದ ಮೇಷ್ಟ್ರು. ಗುರುಬಸವ್ವ ಬೆಂಚಿನ ಮೇಲೆ ಕುಳಿತು ಒಬ್ಬೊಬ್ಬರಿಗೂ ತನ್ನ ನಡುಗುವ ಕೈಯನ್ನು ಕೊಟ್ಟಳು. "ನನ್ನ ವಾರ್ಡು ಬಸ್‌ಸ್ಟ್ಯಾಂಡ್ ಆಗೇದ," ಎಂದು ಸಿಸ್ಟರ್ ಗೊಣಗಿದಳು. ಆದರೆ ಕೈ ತೊಳೆಯಲು ಇನ್ನೊಂದು ನಲ್ಲಿ ಹಾಕಿಸಿದವಳೂ ಅವಳೇ. ಮೃಣಾಲಿನಿ ಆ ದಿನಗಳಲ್ಲಿ ಗದಗಿನಲ್ಲೇ ಉಳಿದಳು. ಕಲಿಯಲು ಬಂದವರ ಕೈಗಳಿಗೂ ಗವಸು ತೊಡಿಸಿ, ಯಾರು ಎಷ್ಟು ಒತ್ತಿದರು ಎಂಬುದರ ಜೊತೆಗೆ ಯಾವಾಗ ಏಕೆ ನಿಂತರು ಎಂಬುದನ್ನೂ ಬರೆದುಕೊಂಡಳು. ಮುಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಉಸಿರು ಕೇಳಿ ಕಾಯುವ ಪೆಟ್ಟಿಗೆ ಸಿದ್ಧವಾಯಿತು. ಮನೆಯವರು ಬರಲಾಗದ ವೇಳೆಯಲ್ಲಿ ಮಾತ್ರ ಅದನ್ನು ಹಚ್ಚಬೇಕೆಂದು ಮೃಣಾಲಿನಿ ಅದರ ಮೇಲೆಯೇ ಬರೆಸಿದಳು. ಆದರೆ ಅದೆಲ್ಲ ಆಮೇಲಿನ ಮಾತು.

ಶಮಶಾದ ಬಂದದ್ದು ಹೆರಿಗೆಯಾದ ಮೂವತ್ತೊಂದನೆಯ ದಿನ. ಗಾಲಿಕುರ್ಚಿಯಲ್ಲಿ ಕುಳಿತು ಬಂದಳು. ಮುಖ ಬಿಳಿಚಿತ್ತು, ಕೈಯಲ್ಲಿ ಸೂಜಿ ಚುಚ್ಚಿದ ನೀಲಿ ಕಲೆಗಳು. ಕೂಸು ಆಗ ಸಾವಿರದ ಮುನ್ನೂರು ದಾಟಿತ್ತು. ಅವಳು ಗಾಜಿಗೆ ಹಣೆ ಹಚ್ಚಿ ನೋಡಿದಳು.

"ಮುಟ್ಟು," ಎಂದ ದಾವಲಸಾಬ.

"ನಾ ಯಾರಂತ ಆಕಿಗೆ ಗೊತ್ತಿಲ್ರಿ. ನಿಮ್ಮ ಕೈ ಗುರ್ತ ಐತಿ. ನಾ ಬರೇ ಹಡದಾಕಿ." ಅವಳು ಮುಖ ತಿರುಗಿಸಿದಳು. "ಹಾಲೂ ಇಲ್ಲ ನನಗ. ಹತ್ತ ದಿನದಿಂದ ಹಿಂಡಿ ಹಿಂಡಿ ನೋಡಾಕತ್ತಾರ, ನಾಕ ಹನಿ ಬರತೈತಿ."

ದಾವಲಸಾಬ ಅವಳನ್ನು ಒತ್ತಾಯಿಸಲಿಲ್ಲ. ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತ. ಹುಬ್ಬಳ್ಳಿಯ ಊಟ ಹೇಗಿತ್ತು ಎಂದು ಕೇಳಿದ. ಉಪ್ಪಿಲ್ಲದ ಊಟ ಎಂದಳು. ಪ್ರೆಸ್ಸಿನಲ್ಲಿ ಶಾಲೆಪುಸ್ತಕಗಳ ಕೆಲಸ ಶುರುವಾಗಿದೆ ಎಂದ. ಹೂಂ ಎಂದಳು. ಅರ್ಧ ಗಂಟೆ ಹೀಗೇ ಕಳೆದ ಮೇಲೆ ಅವಳೇ ತೋಳು ಏರಿಸಿಕೊಂಡು, "ಎಲ್ಲಿ ತೊಳೀಬೇಕು?" ಎಂದಳು.

ಅವನು ಅವಳ ಕೈಗೆ ಎಣ್ಣೆ ಹಚ್ಚಿಕೊಟ್ಟ. ಕಿಂಡಿಯೊಳಗೆ ದಾರಿ ತೋರಿಸಿದ. ಶಮಶಾದಳ ಅಂಗೈ ಕೂಸಿನ ಬೆನ್ನಿಗೆ ತಾಗಿತು. ಅವಳು ಉಸಿರು ಬಿಗಿಹಿಡಿದಳು. ಕೂಸಿನ ಹಣೆ ನಿರಿಗೆಗಟ್ಟಿತು. ಕಾಲು ಮಡಚಿತು, ತುಟಿ ಅಗಲವಾಯಿತು, ಇಡೀ ಮೈ ಕೆಂಪಾಯಿತು. ಮರುಕ್ಷಣ ಅದು ಕೂಗಿತು. ಈವರೆಗೆ ಬೆಕ್ಕಿನಮರಿಯಂತೆ ಕುಂಯ್ಗುಟ್ಟುತ್ತಿದ್ದ ಕೂಸು, ವಾರ್ಡಿನ ಆ ತುದಿಯಲ್ಲಿದ್ದ ಗಣಿತದ ಮೇಷ್ಟ್ರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಅತ್ತಿತು.

ಶಮಶಾದ ಬೆಚ್ಚಿ ಕೈ ತೆಗೆಯಹೋದಳು. "ನೋಡ್ರಿ, ಒಲ್ಲೆ ಅಂತಾಳ!"

"ಒಲ್ಲೆ ಅನ್ನಾಕೂ ತಾಕತ್ತು ಬೇಕವ್ವಾ," ಎಂದು ಸಿಸ್ಟರ್ ಓಡಿಬಂದಳು. ಪರದೆ ನೋಡಿದಳು. ನೂರಾ ಅರವತ್ತೆಂಟು, ಉಸಿರು ಸರಾಗ. "ಇಷ್ಟ ದಿನ ಈ ದನಿ ಎಲ್ಲಿಟ್ಟಿದ್ದಳು ಇಕಿ? ಅಳಲಿ ಬಿಡ್ರಿ, ತಾಯಿಗೆ ಹೇಳಾಕ ಭಾಳ ಅದ ಆಕಿಗೆ."

ಶಮಶಾದ ಕೈ ತೆಗೆಯಲಿಲ್ಲ. ಅಳುತ್ತಿದ್ದ ಕೂಸಿನ ಬೆನ್ನಿನ ಮೇಲೆ ಅದನ್ನು ಹಾಗೇ ಇಟ್ಟುಕೊಂಡು, ಗಾಜಿನ ಹತ್ತಿರ ಬಾಗಿ, ಏನೇನೋ ಪಿಸುಗುಟ್ಟಿದಳು. ಕೂಸು ಅತ್ತಿತು, ತಡೆಯಿತು, ಮತ್ತೆ ಅತ್ತಿತು. ಇದ್ದಕ್ಕಿದ್ದಂತೆ ಶಮಶಾದ ಮಾತು ನಿಲ್ಲಿಸಿ ಕೆಳಗೆ ನೋಡಿಕೊಂಡಳು. ಅವಳ ಕುಪ್ಪಸದ ಎರಡೂ ಕಡೆ ಒದ್ದೆಯ ಕಲೆ ಮೂಡಿ, ನೋಡುತ್ತಿದ್ದಂತೆ ಅಗಲವಾಗುತ್ತಿತ್ತು.

"ಸಿಸ್ಟರ್," ಎಂದಳು ಅವಳು, ನಗುವೋ ಅಳುವೋ ತಿಳಿಯದ ದನಿಯಲ್ಲಿ. "ಹಾಲ್ರಿ. ಹಾಲು ಬಂತು."

ಸಿಸ್ಟರ್ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ದಾವಲಸಾಬ ಕುರ್ಚಿಯ ಸುತ್ತ ಪರದೆ ಎಳೆದ. ಮೃಣಾಲಿನಿ ಹೊರಗೆ ಬಂದು ವೆರಾಂಡಾದ ಬೆಂಚಿನ ಮೇಲೆ ಗುರುಬಸವ್ವನ ಪಕ್ಕ ಕುಳಿತಳು. ಒಳಗೆ ಕೂಸು ಇನ್ನೂ ಒಂದೆರಡು ಸಲ ಕೂಗಿತು. ಆಮೇಲೆ ಅದರ ಬಾಯಿಗೆ ಬೇರೆ ಕೆಲಸ ಸಿಕ್ಕಿತು.